ರಿಸರ್ವಿನ ಕೊನೆಯ ದಿನ

ಕಡ್ಡಿ ಎಂಬ ಹೆಸರು ಅವನಿಗೆ ಅಂಟಿದ್ದು ತೊಟ್ಟಿಲಿನಲ್ಲಿ. ಅಂಟಿಸಿದವಳು ಅಕ್ಕ. ಬಟ್ಟೆಯ ಸುರುಳಿಯೊಳಗೆ ಇಣುಕಿ ನೋಡಿ, "ಇದೇನಮ್ಮ, ಮಗು ಹೆರು ಅಂದ್ರೆ ಕಡ್ಡಿ ಹೆತ್ತಿದ್ದೀಯ!" ಎಂದಿದ್ದಳಂತೆ. ಈಗ ಅವನ ಭುಜದ ಮೇಲೆ ಮೂರು ಪಟ್ಟಿ, ವಿಮಾನದ ಮೂತಿಯಲ್ಲಿ ಬಲಗಡೆಯ ಸೀಟು. ಕಂಪನಿಯ ಕಾಗದಪತ್ರದಲ್ಲಿ ಸಹಪೈಲಟ್. ಆದರೆ ಅಕ್ಕ ಆಸ್ಪತ್ರೆಯ ನರ್ಸುಗಳ ಎದುರಿಗೂ ಅವನನ್ನು ಕೂಗುತ್ತಿದ್ದದ್ದು ಕಡ್ಡಿ ಎಂದೇ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ಬೆಳಗಿನಿಂದ ಕತ್ತಲಾಗುವವರೆಗೆ ಅರ್ಧ ಊರಿಗೆ ಕಾರು ಕಲಿಸಿ, ತಮ್ಮನನ್ನು ವಿಮಾನ ಕಲಿಯಲು ಕಳಿಸಿದವಳು. "ನನ್ನ ಕಾರಿಗೆ ಎರಡು ಬ್ರೇಕ್. ನಿನ್ನ ಗಾಡಿಗೆ ಎಷ್ಟೋ?" ಎಂದು ಮೊದಲ ದಿನ ಕೇಳಿ, ಉತ್ತರಕ್ಕೆ ಕಾಯದೆ ಅತ್ತುಬಿಟ್ಟಿದ್ದಳು.

ಆ ಅಕ್ಕನ ಎರಡು ಮೂತ್ರಪಿಂಡಗಳೂ ಎರಡು ವರ್ಷದ ಹಿಂದೆ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಕುಡಿಯುವ ನೀರು ಕೂಡ ಗುಟುಕು ಲೆಕ್ಕದಲ್ಲಿ. ಮನೆಗೆ ಬಂದರೆ ಹಿಂಡಿದ ಬಟ್ಟೆಯಂತೆ ಬೀಳುತ್ತಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಭಾವ ತನ್ನದೊಂದನ್ನು ಕೊಡಲು ಮೊದಲ ದಿನವೇ ತೋಳು ಚಾಚಿದ, ಆದರೆ ಅವನಿಗೆ ಸಕ್ಕರೆ ಕಾಯಿಲೆ. ಉಳಿದವನು ಕಡ್ಡಿ. ಅವನ ರಕ್ತದ ಗುಂಪು ಅಕ್ಕನದಕ್ಕೆ ಹೊಂದುತ್ತಿರಲಿಲ್ಲ. "ಹೊಂದದಿದ್ದರೂ ಮಾಡಬಹುದು, ಆದರೆ ಕಷ್ಟ" ಎಂದರು ಕಿಡ್ನಿ ಡಾಕ್ಟರು. ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ ಅಕ್ಕನ ರಕ್ತವನ್ನು ಯಂತ್ರಕ್ಕೆ ಹರಿಸಿ, ತಮ್ಮನ ಕಿಡ್ನಿಯ ಮೇಲೆ ಎರಗುವ ಅಂಶವನ್ನೆಲ್ಲ ಸೋಸಿ ತೆಗೆಯಬೇಕು. ಸೋಸಿದ ರಕ್ತ ಬಹಳ ದಿನ ಹಾಗೆಯೇ ಇರುವುದಿಲ್ಲ, ದೇಹ ಆ ಅಂಶವನ್ನು ಮತ್ತೆ ಹುಟ್ಟಿಸುತ್ತದೆ. ಅಷ್ಟರೊಳಗೆ ಕಿಡ್ನಿ ಕೊಡುವವನು ಮೇಜಿನ ಮೇಲೆ ಮಲಗಿರಬೇಕು. ತಪ್ಪಿದರೆ ಎಲ್ಲ ಮೊದಲಿನಿಂದ. "ಇವರ ಮೈ ಎರಡನೇ ಸಲ ತಡೆಯುತ್ತೆ ಅಂತ ನಾನು ಭರವಸೆ ಕೊಡಲಾರೆ" ಎಂದು ಡಾಕ್ಟರು ಅಕ್ಕ ಹೊರಗೆ ಹೋದ ಮೇಲೆ ಹೇಳಿದ್ದರು.

ಕಡ್ಡಿ ಕಂಪನಿಗೆ ಇದನ್ನು ಹೇಳಲಿಲ್ಲ. ಹೇಳಿದ ಮರುಗಳಿಗೆಯೇ ವೈದ್ಯಕೀಯ ವಿಭಾಗ ತನ್ನನ್ನು ನೆಲಕ್ಕೆ ಇಳಿಸುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಂದು ಕಿಡ್ನಿಯವನಾದ ಮೇಲೆ ತಿಂಗಳುಗಟ್ಟಲೆ ಹಾರುವಂತಿಲ್ಲ. ಆಮೇಲೂ ವೈದ್ಯರ ಮಂಡಳಿ ಕೂತು ಪರೀಕ್ಷಿಸಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ದಿನಗಳಿಗೆಂದು ಒಂದಿಷ್ಟು ಕೂಡಿಡಬೇಕೆಂಬ ಹಟಕ್ಕೆ ಬಿದ್ದು ಎಕ್ಸ್‌ಟ್ರಾ ಹಾರಾಟದ ಬೆನ್ನು ಹತ್ತಿದ. ಪೈಲಟ್ ಸಿಗದೆ ನಿಂತ ವಿಮಾನಕ್ಕೆ ರಜೆಯಲ್ಲಿರುವವರು ಯಾರಾದರೂ ಬಂದರೆ ಕಂಪನಿ ದುಪ್ಪಟ್ಟು ಕೊಡುತ್ತದೆ. ಫೋನಿನಲ್ಲಿ ಸಂದೇಶ ಮೂಡುತ್ತಲೇ ಮೊದಲು ಒತ್ತಿದವನಿಗೆ ಆ ಹಾರಾಟ. ನಾಲ್ಕು ತಿಂಗಳು ಅವನು ಫೋನನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ. ರಜೆ ಎನ್ನುವುದೇ ಮರೆತುಹೋಯಿತು. "ದಣಿದಿಲ್ಲ ತಾನೆ?" ಎಂದು ಹಾರಾಟದ ಪಾಳಿ ಹಂಚುವ ರೋಸ್ಟರ್ ಮೇಡಂ ಫೋನಿನಲ್ಲಿ ನಿಯಮದ ಪ್ರಕಾರ ಕೇಳಿದಾಗಲೆಲ್ಲ, ಕಣ್ಣು ಉಜ್ಜಿಕೊಳ್ಳುತ್ತಲೇ "ಫಿಟ್ ಮೇಡಂ" ಎನ್ನುತ್ತಿದ್ದ. ಅಕ್ಕನಿಗೆ ಮಾತ್ರ, ಈಗ ಸ್ವಲ್ಪ ಬಿಡುವಾಗಿದೆ, ಚೆನ್ನಾಗಿ ತಿಂದು ಮಲಗುತ್ತಿದ್ದೇನೆ ಎಂದು ಹೇಳುತ್ತಿದ್ದ.

ಈ ಓಟದಲ್ಲಿ ಅವನಿಗೆ ಎದುರಾಳಿ ಒಬ್ಬನೇ, ಇನ್ನೊಬ್ಬ ಸಹಪೈಲಟ್. ಗುಂಡಗಿನ ಮೈ, ಕೆಂಪು ಕಣ್ಣು, ಯಾವಾಗಲೂ ನಗು. ದುಪ್ಪಟ್ಟು ಎಂದರೆ ಮದುವೆಮನೆಯಿಂದಲೂ ಎದ್ದು ಬರುತ್ತಾನೆಂದು ಎಲ್ಲರೂ ಅವನನ್ನು ಡಬಲ್ ಎಂದೇ ಕರೆಯುತ್ತಿದ್ದರು. ಹೋದ ತಿಂಗಳು ಕಡ್ಡಿ ಅವನ ಬೆರಳಿಗಿಂತ ಮೊದಲು ಒತ್ತಿ ಒಂದು ಹಾರಾಟ ಕಸಿದಾಗ, ಪೈಲಟ್‌ಗಳ ಕೋಣೆಯಲ್ಲಿ ಡಬಲ್ ನಗುತ್ತಲೇ, "ನಮ್ಮ ಆಕಾಶಕ್ಕೆ ಹೊಸ ಹದ್ದು ಬಂದಿದೆ ನೋಡ್ರಪ್ಪ" ಎಂದಿದ್ದ. ನಿದ್ದೆಗೆಟ್ಟ ಕಡ್ಡಿ ಎಲ್ಲರೆದುರಿಗೆ, "ನಿನ್ನಂಥ ಹೊಟ್ಟೆಬಾಕ ಅಲ್ಲ ನಾನು. ನೀನು ಸತ್ತರೂ ಪೆಟ್ಟಿಗೆಯಿಂದ ಎದ್ದು ಡಬಲ್ ಕೇಳ್ತೀಯ" ಎಂದುಬಿಟ್ಟಿದ್ದ. ಕೋಣೆಯಲ್ಲಿ ಯಾರೂ ನಗಲಿಲ್ಲ. ಡಬಲ್‌ನ ನಗು ಮಾತ್ರ ಹಾಗೇ ಮುಖದ ಮೇಲೆ ಒಣಗಿತು.

ಆಪರೇಷನ್ನಿನ ದಿನ ಗೊತ್ತಾಯಿತು. ಕಡ್ಡಿ ಕಾರಣ ಹೇಳದೆ ಒಂದು ತಿಂಗಳ ರಜೆ ಬರೆದು ಕೊಟ್ಟ, ಸಿಕ್ಕಿತು. ಅದಕ್ಕೆ ಮುಂಚಿನ ವಾರ ಮಾತ್ರ ರಿಸರ್ವ್. ರಿಸರ್ವ್ ಎಂದರೆ ಹಾರದಿದ್ದರೂ ಕೆಲಸದ ಮೇಲಿರುವುದು. ಇಸ್ತ್ರಿಯ ಅಂಗಿ ಬಾಗಿಲ ಹಿಂದೆ, ಫೋನು ಕೈಯಲ್ಲಿ, ಸ್ನಾನಕ್ಕೆ ಹೋದರೂ ಬಾಗಿಲು ಓರೆ. ಯಾರೋ ಕಾಯಿಲೆ ಬಿದ್ದರೆ, ಎಲ್ಲೋ ಮೋಡ ಕಟ್ಟಿದರೆ, ಕರೆ ಬರುತ್ತದೆ. ಎರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿ ಹಾಜರಿರಬೇಕು. ರಿಸರ್ವಿನಲ್ಲಿ ಒಬ್ಬನಾದರೂ ಉಳಿದಿರುವ ತನಕ ಎಕ್ಸ್‌ಟ್ರಾ ಎಂದು ಯಾರಿಗೂ ಕೊಡುವಂತಿಲ್ಲ. ವಾರವೆಲ್ಲ ಕಾದರೂ ಬಂದದ್ದು ಒಂದೇ ಕರೆ, ಅದೂ ಕೊನೆಯ ದಿನ. ಆ ಬೆಳಿಗ್ಗೆ ಅವನು ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಪಂಚೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು ತುಂಬುತ್ತಿದ್ದಾಗ ಫೋನು ಬಡಿದುಕೊಂಡಿತು.

"ಒಂದೇ ಒಂದು ಹೋಗಿ ಬರೋದು. ಕಡಲ ಕಡೆ ಊರು. ಸಂಜೆ ಮನೇಲಿರ್ತೀರಿ" ಎಂದರು ರೋಸ್ಟರ್ ಮೇಡಂ.

"ಮೇಡಂ, ಇದನ್ನ ಎಕ್ಸ್‌ಟ್ರಾಗೆ ಬಿಡೋಕೆ ಆಗಲ್ವಾ? ನಾಳೆಯಿಂದ ನನ್ನ ರಜೆ."

"ನಾಳೆಯಿಂದ ತಾನೆ? ಇವತ್ತು ನನ್ನ ಹತ್ತಿರ ಉಳಿದಿರೋರು ನೀವೊಬ್ರೇ. ನೀವಿರುವಾಗ ಬೇರೆಯವರಿಗೆ ಡಬಲ್ ಕೊಟ್ರೆ ನನ್ನ ಕೆಲಸ ಹೋಗುತ್ತೆ. ಕಾರಣ ಏನಾದರೂ ಇದೆಯಾ?"

ಹೇಳಿಬಿಡಬೇಕೆಂದು ನಾಲಗೆ ತುದಿಗೆ ಬಂತು. ಸಂಜೆ ಮನೆಯಲ್ಲಿರುತ್ತೇನಲ್ಲ ಎಂದುಕೊಂಡು ನುಂಗಿದ. "ಇಲ್ಲ ಮೇಡಂ" ಎಂದ.

"ದಣಿದಿಲ್ಲ ತಾನೆ?"

"ಫಿಟ್."

ಹೋಗುವುದೇನೋ ಹೋದರು. ಇಳಿದು, ಜನ ಇಳಿಸಿ, ಮರಳಲು ಇಂಧನ ತುಂಬಿಸಿಕೊಳ್ಳುವ ಹೊತ್ತಿಗೆ ಕಡಲ ಮೇಲೆ ಮಸಿಯ ಗೋಡೆಯಂತೆ ಮೋಡ ಎದ್ದಿತು. ಗಾಳಿ ವಿಮಾನದ ಬಾಲ ಹಿಡಿದು ಅಲ್ಲಾಡಿಸಿತು. ರನ್‌ವೇ ಮುಚ್ಚಿದರು. ಎಡಗಡೆ ಸೀಟಿನ ಕ್ಯಾಪ್ಟನ್, ನಿವೃತ್ತಿಗೆ ಹತ್ತಿರವಾದ ಮಿತಭಾಷಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಇವತ್ತು ಇಲ್ಲೇ ನಮ್ಮ ಹಾಸಿಗೆ" ಎಂದರು. ಕಡ್ಡಿ ಲೆಕ್ಕ ಹಾಕಿದ. ನಾಳೆ ಬೆಳಿಗ್ಗೆ ಹೊರಟರೂ ಮಧ್ಯಾಹ್ನಕ್ಕೆ ಊರು. ಸಂಜೆಯೊಳಗೆ ಆಸ್ಪತ್ರೆಗೆ ಸೇರಿಕೊಂಡರೆ ಸಾಕು, ಆಪರೇಷನ್ ನಾಡಿದ್ದು ಬೆಳಿಗ್ಗೆ. ಭಾವನಿಗೆ ಫೋನು ಮಾಡಿ, "ಇಲ್ಲಿ ಸಿಕ್ಕಿಕೊಂಡಿದ್ದೀನಿ, ಅಕ್ಕನಿಗೆ ಹೇಳಬೇಡ. ನಾಳೆ ಬರ್ತೀನಿ" ಎಂದ.

"ಅವಳಿಗೆ ಕೊನೇ ಸಲ ರಕ್ತ ಸೋಸ್ತಾ ಇದ್ದಾರೆ. ನಡುಗ್ತಾ ಇದ್ದಾಳೆ, ಆದರೂ ನೀನು ಬಂದು ಮಲಗೋ ಮಂಚದ ತಲೆದಿಂಬು ಮೆತ್ತಗಿದೆಯಾ ಅಂತ ನರ್ಸನ್ನ ಕೇಳ್ತಾ ಇದ್ದಾಳೆ" ಎಂದ ಭಾವ. "ಬರ್ತೀಯ ತಾನೆ?"

"ಬರ್ತೀನಿ ಭಾವ."

ಬೆಳಿಗ್ಗೆ ಆಕಾಶ ತಿಳಿಯಾಗಿತ್ತು, ನಿನ್ನೆಯದೆಲ್ಲ ತನ್ನ ಕೆಲಸವೇ ಅಲ್ಲವೆಂಬಂತೆ. ಕಡ್ಡಿ ಅಂಗಿ ತೊಟ್ಟು ಹೋಟೆಲಿನ ತಿಂಡಿ ಕೋಣೆಗೆ ಇಳಿದಾಗ ಗಂಟಲು ಕೆರೆಯುತ್ತಿತ್ತು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಬ್ರೆಡ್ಡು ಬಾಯಿಗಿಡುವಷ್ಟರಲ್ಲಿ ಫೋನು ಬಂತು.

"ನಿಮ್ಮ ವಿಮಾನ ಊರಿಗೆ ಬರ್ತಾ ಇಲ್ಲ" ಎಂದರು ರೋಸ್ಟರ್ ಮೇಡಂ. ಅವರ ದನಿಯೂ ಬಳಲಿತ್ತು. "ನಿನ್ನೆ ಗಾಳಿಗೆ ಎಲ್ಲ ಕಲಸಿಹೋಗಿದೆ. ಅದನ್ನ ಉತ್ತರಕ್ಕೆ ಕಳಿಸ್ತಾ ಇದ್ದೀವಿ. ಮೂರು ಹಾರಾಟ, ರಾತ್ರಿ ಅಲ್ಲೇ. ನಾಳೆ ಮಧ್ಯಾಹ್ನ ಮನೆಗೆ."

"ಇವತ್ತು ನನ್ನ ರಜೆ ಮೇಡಂ!"

"ಗೊತ್ತು. ರಿಸರ್ವಿನಲ್ಲಿ ಹೊರಟೋರು ಮನೆ ಮುಟ್ಟೋಕೆ ಮುಂಚೆ ಹವಾಮಾನ ಕೆಟ್ರೆ, ರಜೆಯ ಮೊದಲ ದಿನ ಕಂಪನಿದು. ನಿಯಮ ಇದೆ. ಆ ದಿನಕ್ಕೆ ಡಬಲ್ ಸಂಬಳ ಬರುತ್ತೆ. ನಿಮಗೆ ಬೇಕಾಗಿರೋದೂ ಅದೇ ಅಲ್ವಾ? ನಾಲ್ಕು ತಿಂಗಳಿಂದ ಎಲ್ಲರಿಗಿಂತ ಮೊದಲು ಒತ್ತೋರು ನೀವೇ."

ಅವರು ಚುಚ್ಚಲೆಂದು ಅಂದದ್ದಲ್ಲ. ಆದರೆ ಕಡ್ಡಿಗೆ ಕೆನ್ನೆಗೆ ಹೊಡೆದಂತಾಯಿತು. ನಾಲ್ಕು ತಿಂಗಳು ಹಲ್ಲು ಕಚ್ಚಿ ಅಟ್ಟಿಸಿಕೊಂಡು ಹೋದದ್ದು ಈಗ ತಾನಾಗಿ ಬಂದು ಕೊರಳು ಹಿಡಿದಿತ್ತು. "ನನಗೆ ಅದು ಬೇಡ. ದಮ್ಮಯ್ಯ, ಬೇರೆ ಯಾರಿಗಾದರೂ ಕೊಡಿ" ಎಂದ. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಕೊಡೋದಕ್ಕೆ ನಿಮ್ಮ ಜಾಗ ಖಾಲಿ ಆಗಬೇಕಲ್ಲ. ನೀವು ಇದ್ದೀರಿ, ಫಿಟ್ ಇದ್ದೀರಿ. ಒಂದು ಗಂಟೆಯಲ್ಲಿ ಬಸ್ಸು ಬರುತ್ತೆ."

ಫೋನು ಇಟ್ಟ ಮೇಲೆ ಅವನು ಬ್ರೆಡ್ಡನ್ನು ತಟ್ಟೆಗೆ ಹಾಕಿ ಹೊರಗೆ ನೋಡಿದ. ಗಾಜಿನ ಗೋಡೆಯಾಚೆ ಒದ್ದೆ ರಸ್ತೆ, ಮುರಿದ ಕೊಂಬೆಗಳನ್ನು ಗುಡಿಸುವ ಹೆಂಗಸು, ಎಲ್ಲವೂ ದೂರದಲ್ಲಿ ಎಲ್ಲೋ ನಡೆಯುತ್ತಿರುವಂತೆ ಕಂಡವು. ಎದ್ದು ಓಡಿಬಿಡಲೇ? ಓಡಿ ಎಲ್ಲಿಗೆ? ಊರು ರಸ್ತೆಯಲ್ಲಿ ಎರಡು ದಿನದ ದಾರಿ.

ಆಗ ಕಂಡವನು ಡಬಲ್. ಮೂಲೆಯ ಮೇಜಿನಲ್ಲಿ ಮೂರು ಮೊಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಅವನ ವಿಮಾನವನ್ನೂ ನಿನ್ನೆ ಗಾಳಿ ಇಲ್ಲೇ ತಡೆದು ನಿಲ್ಲಿಸಿತ್ತು. ಅದನ್ನು ಬೇರೆಯವರಿಗೆ ಒಪ್ಪಿಸಿ, ಮಧ್ಯಾಹ್ನದ ವಿಮಾನದಲ್ಲಿ ಪ್ರಯಾಣಿಕನಾಗಿ ಊರಿಗೆ ಮರಳುವವನಿದ್ದ. ಕಡ್ಡಿ ಎದ್ದು ಹೋಗಿ ಎದುರು ನಿಂತ. ಕೂರಲು ಮುಖವಿರಲಿಲ್ಲ.

"ಏನು ಹದ್ದು? ರೆಕ್ಕೆ ಒದ್ದೆ ಆಯ್ತಾ?" ಎಂದ ಡಬಲ್, ತಲೆಯೆತ್ತದೆ.

"ಆವತ್ತು ನಾನು ಅಂದಿದ್ದು..."

"ಪೆಟ್ಟಿಗೆಯ ಮಾತಾ? ನನ್ನ ಹೆಂಡತಿಗೂ ಹೇಳಿದೆ. ನಿಜ ಅಂದಳು." ಆಮೇಲೆ ತಲೆಯೆತ್ತಿದ. ಕಡ್ಡಿಯ ಮುಖ ನೋಡಿ ಚಮಚ ಕೆಳಗಿಟ್ಟ. "ಕೂತ್ಕೋ ಮಾರಾಯ. ಏನಾಯ್ತು?"

ಯಾರಿಗೂ ಹೇಳದ್ದನ್ನು ಕಡ್ಡಿ ಆ ಮನುಷ್ಯನಿಗೆ ಹೇಳಿದ. ಅಕ್ಕ, ಸೋಸಿದ ರಕ್ತ, ಸಂಜೆಯ ಗಡುವು, ಎಲ್ಲವನ್ನೂ. ಡಬಲ್ ಮೊಟ್ಟೆಯ ತಟ್ಟೆಯನ್ನು ಬದಿಗೆ ಸರಿಸಿದ.

"ಇದನ್ನ ಇಟ್ಕೊಂಡು ನೀನು ನಾಲ್ಕು ತಿಂಗಳು ಹೀಗೆ ಹಾರಿದೆಯಾ? ಬುದ್ಧಿ ಎಲ್ಲಿಟ್ಟಿದ್ದೆ?"

"ನೀನು ತಗೋತೀಯಾ ನನ್ನ ಹಾರಾಟನ?"

"ತಗೋತೀನಿ. ಆದರೆ ನೀನು ಕೂತಿರೋ ಸೀಟಿಗೆ ನನ್ನನ್ನ ಕರೆಯೋ ಹಾಗಿಲ್ಲ. ಮೊದಲು ನೀನು ಏಳಬೇಕು. ಏಳೋದಕ್ಕೆ ಇರೋದು ಒಂದೇ ಮಾತು. ಅನ್‌ಫಿಟ್ ಅನ್ನು."

"ಅದು ದಾಖಲೆಗೆ ಹೋಗುತ್ತೆ. ಆಮೇಲೆ ಮಂಡಳಿ ಮುಂದೆ ನಿಂತಾಗ, ಇವನು ಮೊದಲೇ ಹೀಗೆ ಅಂತ..."

"ಹೋಗಲಿ ಬಿಡು. ನಿನ್ನ ಮುಖ ನೋಡ್ಕೊಂಡಿದ್ದೀಯಾ? ನಾನು ಪ್ರಯಾಣಿಕ ಆಗಿದ್ರೆ ನೀನು ಓಡಿಸೋ ಸೈಕಲ್ ಕೂಡ ಹತ್ತಲ್ಲ."

ಕಡ್ಡಿ ಫೋನು ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತ. ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಸಂಖ್ಯೆ ಒತ್ತಿದ. "ಮೇಡಂ, ನಾನು ಹಾರೋ ಸ್ಥಿತಿಯಲ್ಲಿಲ್ಲ" ಎಂದ. ಅಂದ ಮೇಲೆ ಮೈಯ ಕಡೆ ಗಮನ ಹೋಯಿತು. ಕಣ್ಣು ಉರಿಯುತ್ತಿತ್ತು, ಮೂಳೆಮೂಳೆಯಲ್ಲೂ ನೋವಿತ್ತು, ನಿನ್ನೆ ಇಳಿಯುವಾಗ ಕ್ಯಾಪ್ಟನ್ ಎರಡು ಸಲ ಹೇಳಿದ ಸಂಖ್ಯೆ ತನಗೆ ಕೇಳಿಸಿರಲಿಲ್ಲ ಎಂಬುದು ನೆನಪಾಯಿತು. ಎಷ್ಟೋ ವಾರಗಳ ಮೇಲೆ ಆ ಫೋನಿನಲ್ಲಿ ತಾನು ಆಡಿದ ಮೊದಲ ನಿಜ ಅದೇ ಎಂದು ಹೊಳೆದು ಅವನಿಗೆ ಭಯವಾಯಿತು.

ಆ ಕಡೆ ಕೀಲಿಮಣೆಯ ಸದ್ದಾಯಿತು. "ಸರಿ. ಬರ್ಕೊಂಡೆ" ಎಂದರು ಮೇಡಂ. "ವಿಶ್ರಾಂತಿ ತಗೊಳ್ಳಿ. ನಾಳೆ ನಿಮಗೊಂದು ಸೀಟು ಹಾಕ್ತೀನಿ."

"ಇವತ್ತು ಮಧ್ಯಾಹ್ನದ್ದರಲ್ಲಿ ಹಾಕಿ. ಡಬಲ್, ಅಂದ್ರೆ, ನನ್ನ ಬದಲು ಬರೋರ ಸೀಟು ಖಾಲಿ ಆಗುತ್ತಲ್ಲ!"

"ಅದು ಕಾಯ್ತಾ ಇರೋ ಪ್ರಯಾಣಿಕರಿಗೆ ಹೋಗುತ್ತೆ. ನಿನ್ನೆಯಿಂದ ಅಲ್ಲಿ ಜನ ನೆಲದ ಮೇಲೆ ಮಲಗಿದ್ದಾರೆ. ಅನ್‌ಫಿಟ್ ಆದೋರಿಗೆ ಮೊದಲು ವಿಶ್ರಾಂತಿ, ಆಮೇಲೆ ಪ್ರಯಾಣ. ನಾನು ಮಾಡಿದ ನಿಯಮ ಅಲ್ಲ ಇದು."

ಅವನು ನಿಜ ಹೇಳಿದ. ಇನ್ನೇನು ಉಳಿದಿತ್ತು ಮುಚ್ಚಿಡಲು? ಮೇಡಂ, "ನಿನ್ನೆ ಬೆಳಿಗ್ಗೆ ಕೇಳಿದ್ನಲ್ಲ ನಾನು, ಕಾರಣ ಏನಾದರೂ ಇದೆಯಾ ಅಂತ" ಎಂದರು. "ಇದನ್ನ ಹೇಳಿದ್ರೆ ನಿಮ್ಮನ್ನ ಮನೆಯಿಂದ ಹೊರಡೋಕೇ ಬಿಡ್ತಿರಲಿಲ್ಲ. ಈಗ ನನ್ನ ಕೈಯಲ್ಲಿ ಏನೂ ಇಲ್ಲ. ನೀವೇ ಟಿಕೆಟ್ ತಗೊಂಡು ಹೋದ್ರೆ ನಾನು ತಡೆಯಲ್ಲ. ಅಷ್ಟೇ ನಾನು ಮಾಡಬಹುದು."

ಡಬಲ್ ಟೋಪಿ ಹಾಕಿಕೊಂಡು ಬಸ್ಸು ಹತ್ತುವಾಗ ಕಡ್ಡಿ ಅವನ ಕೈ ಹಿಡಿದುಕೊಂಡ. "ಇದಕ್ಕೆ ನಾನು..."

"ದುಡ್ಡು ನಾನು ತಗೊಳ್ತೀನಪ್ಪ. ದುಪ್ಪಟ್ಟು. ನಾನೇನು ಸಂತ ಅಲ್ಲ" ಎಂದ ಡಬಲ್. "ನೀನು ಹೋಗು. ಅಂಗಿ ಬದಲಿಸಬೇಡ, ಹೀಗೇ ಹೋಗು. ಪೈಲಟ್ ಅಳೋದನ್ನ ಜನ ನೋಡಿರಲ್ಲ."

ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದವರು, ಗೋಡೆಯ ಪ್ಲಗ್ಗಿಗೆ ಫೋನು ಸಿಕ್ಕಿಸಿ ಕಾವಲು ನಿಂತವರು. ಊರಿನ ವಿಮಾನ ತುಂಬಿಹೋಗಿತ್ತು. ಕೌಂಟರಿನ ಹುಡುಗಿ ಕಾಯುವವರ ಸಾಲಿನ ಕೊನೆಗೆ ಅವನ ಹೆಸರು ಸೇರಿಸಿ, "ಆಸೆ ಇಟ್ಕೋಬೇಡಿ ಸರ್" ಎಂದಳು. ಭಾವನ ಫೋನು ಬಂತು, ಅವನು ಎತ್ತಲಿಲ್ಲ. ಮತ್ತೆ ಬಂತು. ವಿಮಾನದ ಬಾಗಿಲು ತೆರೆದಿದೆ ಎಂದು ಧ್ವನಿವರ್ಧಕ ಕೂಗಿತು. ಜನ ಎದ್ದು ಸಾಲು ನಿಂತರು.

ಕಡ್ಡಿ ಆ ಸಾಲಿನ ಮುಂದೆ ಹೋಗಿ ನಿಂತ. ಮೈಕಿನಲ್ಲಿ ಸಾವಿರ ಸಲ ಮಾತಾಡಿದ್ದವನಿಗೆ ಈಗ ದನಿ ಹೊರಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ದಯವಿಟ್ಟು ಒಂದು ನಿಮಿಷ. ನನಗೆ ಒಂದು ಸೀಟು ಬೇಕು. ನಾಳೆ ಬೆಳಿಗ್ಗೆ ನನ್ನ ಅಕ್ಕನಿಗೆ ನನ್ನ ಕಿಡ್ನಿ ಕೊಡಬೇಕು. ಇವತ್ತು ಸಂಜೆ ಹೋಗಿ ಸೇರದಿದ್ರೆ..."

ಸಾಲಿನಲ್ಲಿ ಗುಸುಗುಸು. ಯಾರೋ ಫೋನು ಎತ್ತಿ ಚಿತ್ರ ಹಿಡಿಯತೊಡಗಿದರು. ಕೋಟು ತೊಟ್ಟವನೊಬ್ಬ ಮುಂದೆ ಬಂದು, "ನಿನ್ನೆ ನಮ್ಮನ್ನ ಇಳಿಸೋವಾಗ ನಿಮ್ಮ ಜನ ನಮ್ಮ ಅಕ್ಕಂದಿರ ವಿಷಯ ಕೇಳಿದ್ರಾ? ನನ್ನ ಮಗಳ ಪರೀಕ್ಷೆ ತಪ್ಪಿತು ನಿಮ್ಮಿಂದ" ಎಂದ. ಅವನಂದದ್ದು ಸುಳ್ಳಲ್ಲ. ಕಡ್ಡಿ ತಲೆ ತಗ್ಗಿಸಿ ನಿಂತೇ ಇದ್ದ. ಸಾಲು ಅವನ ಪಕ್ಕದಿಂದಲೇ ಕರಗತೊಡಗಿತು. ಒಬ್ಬೊಬ್ಬರೂ ಹತ್ತಿರ ಬಂದಾಗ ಬೇರೆಡೆ ನೋಡುತ್ತ ದಾಟಿದರು. ಒಬ್ಬಳು ಮುದುಕಿ ಅವನ ತೋಳು ಸವರಿ, "ನಂಗೂ ಆಗಲ್ಲಪ್ಪ" ಎಂದು ಕಣ್ಣೊರೆಸಿಕೊಂಡು ಹೋದಳು. ಎಂಟೋ ಹತ್ತೋ ಜನ ಉಳಿದರು. ಕಡ್ಡಿ ನೆಲದ ಮೇಲೆ ಮಂಡಿಯೂರಿದ.

"ಏಳಿ ಏಳಿ, ಅಂಗಿ ಕೊಳೆ ಆಗುತ್ತೆ" ಎಂದು ಯಾರೋ ಕಂಕುಳಿಗೆ ಕೈಹಾಕಿ ಎತ್ತಿದರು. ಒರಟು ಕೈ. ರಿಂಚು, ಸ್ಪ್ಯಾನರುಗಳ ಭಾರದ ಚೀಲ ಹೊತ್ತ ಪ್ಲಂಬರ್. "ನಾನು ಒಂದು ಕಟ್ಟಡಕ್ಕೆ ಪೈಪು ಕೂರಿಸೋಕೆ ಹೊರಟಿದ್ದೆ. ನಾಳೆ ಹೋದ್ರೂ ಅಲ್ಲಿ ನೀರು ಸೋರ್ತಾನೇ ಇರುತ್ತೆ. ನೀವು ಹೋಗಿ." ತನ್ನ ಟಿಕೆಟ್ಟನ್ನು ಕೌಂಟರಿನ ಹುಡುಗಿಯ ಮುಂದಿಟ್ಟ. ಅವಳು ಕಾಯುವವರ ಪಟ್ಟಿ ನೋಡಿದಳು, ಸುತ್ತ ನಿಂತವರನ್ನು ನೋಡಿದಳು. ಕಾಯುವವರಲ್ಲಿ ಮೊದಲನೆಯವಳು, ಕಂಕುಳಲ್ಲಿ ಮಗು ಹಿಡಿದ ಹೆಂಗಸು, ಆಗಲಿ ಎಂಬಂತೆ ತಲೆಯಾಡಿಸಿದಳು. ಹುಡುಗಿ ಕಡ್ಡಿಯ ಹೆಸರು ಒತ್ತಿದಳು.

ಆಸ್ಪತ್ರೆಯ ಬಾಗಿಲು ದಾಟುವಾಗ ಸೂರ್ಯ ಇನ್ನೂ ಕಟ್ಟಡಗಳ ಮೇಲಿದ್ದ. ಭಾವ ಮೆಟ್ಟಿಲ ಬಳಿಯೇ ನಿಂತಿದ್ದವನು ಏನೂ ಹೇಳದೆ ಅವನನ್ನು ಅಪ್ಪಿಕೊಂಡ. ಅಪ್ಪಿಕೊಂಡವನು ಹಿಂದೆ ಸರಿದು, "ನಿನ್ನ ಮೈ ಯಾಕೆ ಹೀಗೆ ಸುಡ್ತಾ ಇದೆ?" ಎಂದ.

"ಬಿಸಿಲು" ಎಂದ ಕಡ್ಡಿ.

ನರ್ಸು ಅವನ ಬಾಯಲ್ಲಿ ಥರ್ಮಾಮೀಟರ್ ಇಟ್ಟಳು. ನೋಡಿದಳು. ಇನ್ನೊಂದು ತಂದು ಮತ್ತೆ ಇಟ್ಟಳು. ರಕ್ತ ತೆಗೆದುಕೊಂಡು ಹೋದಳು. ಆಮೇಲೆ ಕಿಡ್ನಿ ಡಾಕ್ಟರು ಬಂದರು. ಕುಳ್ಳಗಿನ ಹೆಂಗಸು, ಮಾತು ಅಳೆದು ಆಡುವವರು. ಅವನ ಎದೆಗೆ ಕೊಳವೆ ಇಟ್ಟು, ಉಸಿರೆಳೆಯಿರಿ ಎಂದರು, ಬಿಡಿ ಎಂದರು, ಮತ್ತೆ ಎಳೆಯಿರಿ ಎಂದರು.

"ನಾಳೆ ಆಗಲ್ಲ" ಎಂದರು. "ಎದೆಯಲ್ಲಿ ಸೋಂಕು ಶುರುವಾಗಿದೆ. ಈಗ ನಿಮ್ಮ ಕಿಡ್ನಿ ಇಟ್ಟರೆ ಆ ಸೋಂಕೂ ನಿಮ್ಮ ಅಕ್ಕನಿಗೆ ಹೋಗುತ್ತೆ. ರೋಗನಿರೋಧಕ ಶಕ್ತಿ ಇಳಿಸೋ ಔಷಧಿ ಕೊಟ್ಟಿದ್ದೀವಿ ಅವರಿಗೆ. ಎರಡು ದಿನದಲ್ಲಿ ಸತ್ತುಹೋಗ್ತಾರೆ."

"ಡಾಕ್ಟರೇ, ನಾನು ಫಿಟ್. ಬರೀ ನೆಗಡಿ ಇದು."

"ನಿಮ್ಮ ರಕ್ತ ಬೇರೆ ಹೇಳ್ತಾ ಇದೆ."

"ಸೋಸಿದ್ದೆಲ್ಲ ಹಾಳಾಗುತ್ತಲ್ಲ! ಅವಳ ಮೈ ಇನ್ನೊಂದು ಸಲ ತಡೆಯಲ್ಲ ಅಂದಿದ್ರಿ ನೀವೇ!" ಅವನು ಡಾಕ್ಟರ ತೋಳು ಹಿಡಿದಿದ್ದ. ಭಾವ ಬಿಡಿಸಿದ. ಡಾಕ್ಟರು ಸಿಟ್ಟಾಗಲಿಲ್ಲ. "ಅಂದಿದ್ದೆ" ಎಂದರು. "ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ ನೀವು?"

ಅಕ್ಕನಿಗೆಂದು ಎತ್ತಿಟ್ಟ ಮೈಯನ್ನೇ ಸುಟ್ಟು ಅವನು ಆ ನಾಲ್ಕು ತಿಂಗಳ ಎಕ್ಸ್‌ಟ್ರಾ ಹಾರಿದ್ದ.

ಅಕ್ಕನ ಕೋಣೆಗೆ ಅವನನ್ನು ಬಿಡಲಿಲ್ಲ. ಗಾಜಿನ ಆಚೆ ನಿಂತು ಗೋಡೆಯ ಫೋನಿನಲ್ಲಿ ಮಾತಾಡಬೇಕಿತ್ತು. ಅವಳು ಹಾಸಿಗೆಯಲ್ಲಿ ಒರಗಿದ್ದಳು. ಕತ್ತಿನಲ್ಲಿ ನಳಿಕೆ, ತುಟಿ ಒಡೆದಿತ್ತು. ಭಾವ ಆಗಲೇ ಎಲ್ಲವನ್ನೂ ಹೇಳಿದ್ದ.

"ನಾಲ್ಕು ತಿಂಗಳು ತಿಂದು ಮಲಗ್ತಾ ಇದ್ದೀನಿ ಅಂದೆಯಲ್ಲೋ" ಎಂದಳು.

"ಅಕ್ಕ, ಆಮೇಲೆ ಸಂಬಳ ಇರಲ್ಲ ಅಂತ..."

"ನಾನು ನಿನ್ನ ಹತ್ತಿರ ಸಂಬಳ ಕೇಳಿದ್ನಾ?" ಅವಳ ದನಿ ಸೀಳಿತು. ಜೀವಮಾನದಲ್ಲಿ ಅವಳು ಅವನ ಮೇಲೆ ಹೀಗೆ ಕೂಗಿರಲಿಲ್ಲ. "ಕಿಡ್ನಿನೂ ನಾನು ಕೇಳಿರಲಿಲ್ಲ. ಕೊಡ್ತೀನಿ ಅಂತ ಬಂದೋನು ನೀನು. ಬಂದ ಮೇಲೆ ಅದನ್ನ ಜೋಪಾನ ಮಾಡೋದು ಬೇಡ್ವಾ? ವಾರವೆಲ್ಲ ನನ್ನ ರಕ್ತ ಹೊರಗೆ ತೆಗೆದು ಒಳಗೆ ಹಾಕಿದ್ದಾರೆ ಕಡ್ಡಿ. ನಂಗೆ ಬದುಕಬೇಕು ಅನ್ನೋ ಆಸೆ ಹುಟ್ಟಿಸಿಬಿಟ್ಟಿದ್ದೀಯ ನೀನು. ಅದನ್ನ ಈಗ ಎಲ್ಲಿಡಲಿ?"

ಅವನು ಗಾಜಿಗೆ ಹಣೆ ಒತ್ತಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಫೋನು ಕಿವಿಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು, ಅಷ್ಟೇ. "ಹೋಗಿ ಮಲಕ್ಕೋ" ಎಂದಳು.

ಅದರ ಮುಂದಿನ ವಾರಗಳು ಆ ಮನೆಯವರು ಮತ್ತೆ ಮಾತಿಗೆ ತಾರದಂಥವು. ಅಕ್ಕನಿಗೆ ಔಷಧಿಯಿಂದ ಜ್ವರ ಬಂತು, ಒಂದು ಮಧ್ಯಾಹ್ನ ರಕ್ತದೊತ್ತಡ ಕುಸಿದು ಡಾಕ್ಟರುಗಳೆಲ್ಲ ಓಡಿದರು. ಭಾವ ಡಿಪೋಗೆ ಹೋಗುವುದನ್ನೇ ಬಿಟ್ಟ. ಕಡ್ಡಿ ಆಸ್ಪತ್ರೆಯ ಇನ್ನೊಂದು ಮಹಡಿಯಲ್ಲಿ ಸೋಂಕಿಗೆ ಮದ್ದು ತೆಗೆದುಕೊಳ್ಳುತ್ತ, ಸಿಪಾಯಿಯ ಹಾಗೆ ಹೇಳಿದ ಹೊತ್ತಿಗೆ ಮಲಗಿ, ಹೇಳಿದಷ್ಟು ತಿಂದ. ಕಂಪನಿಯ ವೈದ್ಯಕೀಯ ವಿಭಾಗಕ್ಕೆ ಎಲ್ಲವನ್ನೂ ಬರೆದು ಕಳಿಸಿದ. ಅವನು ಅಂದುಕೊಂಡಂತೆಯೇ ಅವರು ಮರುದಿನವೇ ಅವನನ್ನು ನೆಲಕ್ಕಿಳಿಸಿದರು. ಫೋನು ಬಡಿದುಕೊಳ್ಳುವುದು ನಿಂತಿತು. ಒಂದು ದಿನ ರೋಸ್ಟರ್ ಮೇಡಂ ಬಂದರು. ದನಿಯಷ್ಟೇ ಗೊತ್ತಿದ್ದವರು ಹೀಗೆ ನರೆಗೂದಲಿನವರೆಂದು ಅವನು ಎಣಿಸಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಒಂದು ಕಿತ್ತಳೆ ಸುಲಿದು ಅವನ ಕೈಗಿಟ್ಟು ಹೋದರು.

ಅಕ್ಕ ಇನ್ನೊಂದು ಸಲ ಸೋಸಿಸಿಕೊಳ್ಳಲು ಒಪ್ಪಿದ್ದು ಡಾಕ್ಟರು ಹೇಳಿದ್ದಕ್ಕಲ್ಲ. "ಇಷ್ಟು ಕಷ್ಟಪಟ್ಟು ಆಸೆ ಹುಟ್ಟಿದೆ, ಸುಮ್ನೆ ಬಿಡೋಕೆ ಹೊಟ್ಟೆ ಉರಿಯುತ್ತೆ" ಎಂದಳಂತೆ ಭಾವನ ಹತ್ತಿರ. ಈ ಸಲ ಅವಳು ಅರ್ಧ ಮೈಯಾಗಿದ್ದಳು. ಡಾಕ್ಟರು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ, ಮೇಜಿನ ಮೇಲೇ ಏನಾದರೂ ಆಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ತಳ್ಳುಮಂಚದ ಮೇಲೆ ಅಕ್ಕ ತಮ್ಮ ಇಬ್ಬರನ್ನೂ ಒಂದೇ ಓಣಿಯಲ್ಲಿ ಒಯ್ದರು. ಅವಳು ಈ ಕಡೆ ನೋಡಲಿಲ್ಲ. ಆ ಕೂಗಿದ ದಿನದಿಂದ ಅವರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು.

ಅವನಿಗೆ ಎಚ್ಚರವಾದಾಗ ಪಕ್ಕೆಯಲ್ಲಿ ಕೆಂಡ ಇಟ್ಟಂತೆ ಉರಿ. ಯಾರ ಮುಖವೂ ನೆಟ್ಟಗೆ ಕಾಣುತ್ತಿರಲಿಲ್ಲ. "ಅಕ್ಕ?" ಎಂದ. ಎಷ್ಟು ಹೊತ್ತೋ ಏನೋ, ಹಸಿರು ಗೌನು ತೊಟ್ಟ ಭಾವ ಬಂದು ಮಂಚದ ಕಂಬಿ ಹಿಡಿದು ನಿಂತ. ಡಿಪೋ ಬಿಟ್ಟು ವಾರಗಳಾದರೂ ಬಸ್ಸಿನ ಎಣ್ಣೆಮಸಿ ಇನ್ನೂ ಅವನ ಉಗುರಿನಲ್ಲಿತ್ತು. ಮುಖ ನೋಡಿದರೆ ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದು.

"ಚೀಲ ತುಂಬ್ತಾ ಇದೆ" ಎಂದ.

"ಯಾವ ಚೀಲ?"

"ಉಚ್ಚೆ ಚೀಲ ಕಣೋ! ನಿನ್ನ ಕಿಡ್ನಿ ಹೊಲಿದು ಮುಗಿಸೋಕೆ ಮುಂಚೆನೇ ಶುರು ಮಾಡ್ತಂತೆ. ಡಾಕ್ಟರು ಮೇಜಿನ ಹತ್ತಿರ ಎಲ್ಲರಿಗೂ ತೋರಿಸಿದ್ರಂತೆ. ಎರಡು ವರ್ಷ ಆಯ್ತು ಅವಳು ಒಂದು ಲೋಟನೂ ಹೋಗಿರಲಿಲ್ಲ. ನರ್ಸು ಎರಡು ಸಲ ಚೀಲ ಬದಲಿಸಿದಳು. ನಾನು ಅಲ್ಲೇ ನಿಂತು ನೋಡಿದೆ, ಹನಿ ಹನಿ ಬೀಳ್ತಾ ಇದೆ."

"ಅವಳು ಮಾತಾಡಿದ್ಳಾ?"

"ಬಾಯಲ್ಲಿ ನಳಿಕೆ ಇದೆ. ಕೈಯಲ್ಲಿ ಕೇಳಿದಳು." ಭಾವ ತನ್ನ ಬೆರಳೊಂದನ್ನು ನೆಟ್ಟಗೆ ಎತ್ತಿ ತೋರಿಸಿದ, ಕಡ್ಡಿಯ ಹಾಗೆ. "ಹೇಗಿದ್ದಾನೆ ಅಂತ."

ವಾರ ಕಳೆದರೂ ಅಪಾಯ ಕಳೆದಿಲ್ಲ ಎಂದರು ಡಾಕ್ಟರು, ತಿಂಗಳು ಕಳೆದ ಮೇಲೆ ಅಷ್ಟು ಕೆಟ್ಟದ್ದಿಲ್ಲ ಎಂದರು. ಅಕ್ಕ ಮನೆಗೆ ಬಂದಳು. ಮಂಡಳಿ ಕಡ್ಡಿಯನ್ನು ಒಮ್ಮೆ ಕರೆಸಿ ಪರೀಕ್ಷಿಸಿ, ಇನ್ನೂ ಆರು ತಿಂಗಳು ನೋಡೋಣ ಎಂದು ಕಳಿಸಿತು. ಆಮೇಲೂ ಒಪ್ಪುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಬೆಳಿಗ್ಗೆ ಎದ್ದಾಗ ಆಕಾಶದಲ್ಲಿ ಸದ್ದು ಕೇಳಿದರೆ ಅವನ ಕೈ ಈಗಲೂ ಫೋನಿನ ಕಡೆ ಹೋಗುತ್ತದೆ. ಅಂಥ ಒಂದು ಬೆಳಿಗ್ಗೆ ಅವನು ಕಿಟಕಿಯ ಬಳಿ ನಿಂತಿರುವುದನ್ನು ಕಂಡು ಅಕ್ಕ ಒಳಗಿನಿಂದಲೇ, "ಕಡ್ಡಿ, ನೀರು ಕುಡಿದೆಯಾ?" ಎಂದು ಕೂಗಿದಳು. ಉಳಿದ ಒಂದು ಕಿಡ್ನಿಯನ್ನು ಅವನು ಕಾಪಾಡಿಕೊಳ್ಳಬೇಕಲ್ಲ. ಅವನು ಇಲ್ಲ ಎಂದ. ಅವಳು ಎರಡು ಲೋಟ ತುಂಬಿಸಿ ತಂದಳು, ಒಂದನ್ನು ಅವನ ಕೈಗಿಟ್ಟು, ಪಕ್ಕದಲ್ಲಿ ನಿಂತು ತನ್ನದನ್ನು ಒಂದೇ ಉಸಿರಿಗೆ ಗಟಗಟ ಕುಡಿದಳು.